ಅಂಚಿನಲ್ಲಿದ್ದ ಸಾಲು

ಲಾಡ್ಜಿನ ಮಾಲೀಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟನೇ ಹೊರತು ಅದರ ಮೇಲಿಂದ ಬೆರಳು ತೆಗೆಯಲಿಲ್ಲ. ಈ ಚಳಿಯಲ್ಲಿ ಒಬ್ಬನೇ ಬಂದು ನಿಂತ ಮನುಷ್ಯನ ಮುಖವನ್ನು ಸರಿಯಾಗಿ ನೋಡಿಕೊಳ್ಳದೆ ಕೋಣೆ ಕೊಡುವುದು ಹೇಗೆ ಎಂದು ಅವನ ಕಣ್ಣು ಕೇಳುತ್ತಿತ್ತು. ಹಿಂದಿನ ಗೋಡೆಯ ಹಲಗೆಯಲ್ಲಿ ಇಪ್ಪತ್ತೈದು ಬೀಗದ ಕೈಗಳು ಮೊಳೆಗೆ ನೇತುಬಿದ್ದಿದ್ದವು. ಇಪ್ಪತ್ತಾರನೆಯದು ಈ ಬೆರಳ ಕೆಳಗಿತ್ತು. “ಒಬ್ಬರೇನಾ?” ಎಂದು ಮಾಲೀಕ ಕೇಳಿದ. “ಹೌದು” ಎಂಬ ಮಾತು ಬಂದವನ ಬಾಯಿಂದ ಸಲೀಸಾಗಿ ಹೊರಟಿತು. ಹಕಾರ ಅವನಿಗೆ ಎಂದೂ ತೊಂದರೆ ಕೊಟ್ಟದ್ದಲ್ಲ. ಕ, ಗ, ದ, ಪಗಳದ್ದೇ ತಕರಾರು. ಅವು ಗಂಟಲಿನಿಂದ ಹೊರಟು ಬಾಯಿಯ ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದವು, ಎಷ್ಟು ದೂಡಿದರೂ ಹೊರಗೆ ಕಾಲಿಡುತ್ತಿರಲಿಲ್ಲ. “ಎಷ್ಟು ದಿನ ಇರ್ತೀರಿ?” “ಒಂದೇ ದಿ… ದಿ…” “ದಿನ” ಎಂದು ಮಾಲೀಕ ಪೂರೈಸಿದ. ಎದುರಿಗಿದ್ದವರು ಯಾವಾಗಲೂ ಪೂರೈಸುತ್ತಾರೆ, ಉಪಕಾರ ಮಾಡಿದವರ ಮುಖ ಮಾಡಿಕೊಂಡು. ಐವತ್ತೇಳು ವರ್ಷಗಳಲ್ಲಿ ಅವನ ಅರ್ಧಕ್ಕರ್ಧ ಮಾತುಗಳನ್ನು ಬೇರೆಯವರೇ ಆಡಿ ಮುಗಿಸಿದ್ದರು. ಕೆಲವರು ಸರಿಯಾಗಿ, ಕೆಲವರು ತಮಗೆ ಬೇಕಾದ ಹಾಗೆ.

“ಆ ಪುಸ್ತಕ ಓದ್ಕೊಂಡು ಬಂದಿರಬೇಕು ನೀವು” ಎಂದ ಮಾಲೀಕ, ಕೊನೆಗೂ ಬೆರಳು ತೆಗೆದು. ಮೇಜಿನ ಖಾನೆ ಎಳೆದು ಬೆನ್ನು ಹರಿದ ಕೈಪಿಡಿಯೊಂದನ್ನು ತೆಗೆದ. ಅದರ ಅಂಗೈಯಗಲದ ಆಕಾರ, ಮಬ್ಬು ಕೆಂಪು ಹೊದಿಕೆ, ಹೊದಿಕೆಯ ಮೇಲೆ ಕೋಟೆಯ ಬಾಗಿಲಿನ ರೇಖಾಚಿತ್ರ, ಎಲ್ಲವೂ ಅವನಿಗೆ ತನ್ನ ಅಂಗೈಯಷ್ಟೇ ಪರಿಚಿತ. ಮಾಲೀಕ ಹುಡುಕಬೇಕಾಗಲಿಲ್ಲ, ಪುಸ್ತಕ ತಾನಾಗಿಯೇ ಅರವತ್ತನಾಲ್ಕನೆಯ ಪುಟಕ್ಕೆ ಬಿಚ್ಚಿಕೊಂಡಿತು. “ನೋಡಿ, ಯಾವಾಗ ಬರಬೇಕು ಅಂತ ಪಾಠ. ಬೇಸಿಗೆ, ಮಳೆಗಾಲ ಎಲ್ಲ ನೆಟ್ಟಗೇ ಬರೆದಿದಾರೆ. ಆಮೇಲೆ ಇದು.” ಓದಿದ, ಶಾಲೆಯ ಹುಡುಗರ ರಾಗದಲ್ಲಿ: “‘ಚಳಿಗಾಲದಲ್ಲಿ ಬನ್ನಿ. ಆಗ ಇಲ್ಲಿ ಯಾರೂ ಇರುವುದಿಲ್ಲ, ಮಾತಾಡಲು ಬೇಕಾದಷ್ಟು ಹೊತ್ತಿರುತ್ತದೆ.’ ಇದೊಂದು ಸಾಲಿಗೆ ಮರುಳಾಗಿ ವರ್ಷಕ್ಕೆ ನಾಲ್ಕೈದು ಜನ ಬಂದು ಬೀಳ್ತಾರೆ ಸ್ವಾಮಿ. ಕೋಟೆ ಅರ್ಧ ದಿನ ಬಾಗಿಲು ಹಾಕಿರುತ್ತೆ, ದೋಣಿ ಬಿಡೋದಿಲ್ಲ, ಕಾರಂಜಿಯಲ್ಲಿ ನೀರಿಲ್ಲ. ಬಂದೋರಿಗೆ ಬಿಸಿನೀರು ಕಾಯಿಸೋ ಕರ್ಮ ನನ್ನದು. ಅಚ್ಚು ಹಾಕೋ ಮುಂಚೆ ಒಬ್ಬರಾದ್ರೂ ಓದಿ ನೋಡೋದು ಬೇಡ್ವಾ?” ಅವನು ಬೀಗದ ಕೈ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದ. ಕಿವಿ ಬಿಸಿಯಾಗಿತ್ತು. ಅಚ್ಚು ಹಾಕುವ ಮುಂಚೆ ಓದಿದವನು ಅವನೇ.

ಕೋಣೆಯಲ್ಲಿ ಹಾಸಿಗೆ ತಣ್ಣಗೆ ತೇವವಾಗಿತ್ತು. ಕಿಟಕಿಯ ಗಾಜಿನಾಚೆ ಮಂಜು. ಮಂಜಿನೊಳಗೆ ಎಲ್ಲೋ ಗಡಿಯಾರದ ಗೋಪುರ ಬೆಳಗಿನ ಒಂಬತ್ತು ಹೊಡೆಯಿತು. ಗೋಪುರ ಕಾಣಿಸಲಿಲ್ಲ, ಆದರೆ ಅದರ ಎತ್ತರ ಎಷ್ಟು, ಗಂಟೆ ಯಾವ ಲೋಹದ್ದು, ಕಟ್ಟಿಸಿದವನು ಅದನ್ನು ನೋಡುವ ಮುಂಚೆ ಹೇಗೆ ಸತ್ತ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮೂವತ್ತೊಂದು ವರ್ಷದಿಂದ ಅವನು ಒಂದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ. ಪಂಚಾಂಗವಾಗಲಿ ಪಠ್ಯಪುಸ್ತಕವಾಗಲಿ ಮದುವೆಯ ಕರೆಯೋಲೆಯಾಗಲಿ, ಅವನ ಕೆಂಪು ಶಾಯಿಯ ಕೆಳಗೆ ಹಾಯದೆ ಆಚೆ ಹೋಗುತ್ತಿರಲಿಲ್ಲ. ಮಾತಿನ ಮಧ್ಯೆ ಮಧ್ಯೆ ನಿಲ್ಲುವವನೆಂದು ಪ್ರೆಸ್ಸಿನವರು ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದರು. “ಅಲ್ಪವಿರಾಮದವರು ಬಂದ್ರು, ಇನ್ನು ಊಟಕ್ಕೆ ಹೋಗೋಣ” ಎನ್ನುತ್ತಿದ್ದರು. ಅವನೂ ನಗುತ್ತಿದ್ದ, ನಗುವುದಕ್ಕೆ ಯಾವ ಅಕ್ಷರವೂ ಬೇಕಿಲ್ಲವಲ್ಲ. ಹದಿನಾರು ವರ್ಷದ ಹಿಂದೆ ಈ ಊರಿನ ಇತಿಹಾಸದ ಟೀಚರೊಬ್ಬರು ಬರೆದ ಕೈಪಿಡಿ ಪ್ರೆಸ್ಸಿಗೆ ಬಂತು. ಹೆಂಗಸಿನ ಕೈಬರಹ, ಹಸಿರು ಶಾಯಿ. ಳಕಾರದ ಬಾಲವನ್ನು ಮುಂದಿನ ಸಾಲಿನವರೆಗೂ ಎಳೆದುಬಿಡುವ ಧಾರಾಳ. ಮಹಾಪ್ರಾಣಗಳ ವಿಷಯದಲ್ಲಿ ಮಾತ್ರ ವಿಪರೀತ ಜಿಪುಣತನ: ಅರ್ದ, ಯುದ್ದ, ಬವ್ಯ. ಅವನು ಒಂದೊಂದರ ಹೊಟ್ಟೆಯನ್ನೂ ಸೀಳಿ ಕಳಿಸಿದ. ಪ್ರೂಫು ಹಿಂದಿರುಗಿದಾಗ ಅಂಚಿನಲ್ಲಿ ಹಸಿರು ಶಾಯಿಯ ಒಂದು ಸಾಲಿತ್ತು: ‘ಪಾಪ, ಅವುಗಳ ಹೊಟ್ಟೆ ಯಾಕೆ ಸೀಳುತ್ತೀರಿ? ಯುದ್ಧದಲ್ಲಿ ಸೀಳಿದ್ದು ಸಾಲದೆ?’ ಅವನು ಅದರ ಪಕ್ಕದಲ್ಲಿ, ಜೀವನದಲ್ಲಿ ಮೊದಲ ಬಾರಿಗೆ ಪ್ರೂಫಿನ ಮೇಲೆ ಕೆಲಸಕ್ಕೆ ಸಂಬಂಧವಿಲ್ಲದ ಮಾತೊಂದನ್ನು ಬರೆದ: ‘ನೋವಾಗದ ಹಾಗೆ ಸೀಳಿದ್ದೇನೆ.’

ಹೀಗೆ ಶುರುವಾದದ್ದು. ಎರಡು ವರ್ಷಕ್ಕೊಮ್ಮೆ ಹೊಸ ಮುದ್ರಣ, ಒಂದೊಂದು ಮುದ್ರಣಕ್ಕೂ ಮೂರು ಸಲ ಪ್ರೂಫು ಓಡಾಟ. ಪತ್ರ ಎಂದು ಕರೆಯುವಂಥದ್ದನ್ನು ಇಬ್ಬರೂ ಒಮ್ಮೆಯೂ ಬರೆಯಲಿಲ್ಲ. ಎಲ್ಲ ಅಂಚಿನಲ್ಲೇ. ಅಲ್ಲಿ ಅವನು ಸಲೀಸಾಗಿ ಮಾತಾಡುತ್ತಿದ್ದ, ತಮಾಷೆ ಮಾಡುತ್ತಿದ್ದ, ವಾದಕ್ಕಿಳಿಯುತ್ತಿದ್ದ. ಗೋಪುರದ ಮೆಟ್ಟಿಲು ಒಂದು ಪುಟದಲ್ಲಿ ಇನ್ನೂರ ಹನ್ನೆರಡು, ಇನ್ನೊಂದರಲ್ಲಿ ಇನ್ನೂರ ಹತ್ತು, ಯಾವುದು ಸರಿ ಎಂದು ಕೇಳಿದ್ದಕ್ಕೆ, ‘ಹತ್ತುವಾಗ ಹನ್ನೆರಡು, ಇಳಿಯುವಾಗ ಹತ್ತು, ನಂಬಿಕೆಯಿಲ್ಲದಿದ್ದರೆ ಎಣಿಸಿಕೊಳ್ಳಿ’ ಎಂದು ಉತ್ತರ ಬಂದಿತ್ತು. ಅವನು ಆ ಪ್ರೂಫನ್ನು ಎರಡು ದಿನ ಮೇಜಿನ ಖಾನೆಯಲ್ಲಿಟ್ಟುಕೊಂಡು ತಡವಾಗಿ ಕಳಿಸಿ ಮ್ಯಾನೇಜರರಿಂದ ಬೈಸಿಕೊಂಡ. ಅಂಚಿನಲ್ಲಿ ನೀವು, ತಾವು ಎಂದೇ ಬರೆಯುತ್ತಿದ್ದರೂ ತನ್ನ ಮನಸ್ಸಿನಲ್ಲಿ ಆಕೆ ಯಾವ ದಿನ ಅವಳು ಆದಳೆಂದು ಅವನಿಗೆ ತಿಳಿಯದು. ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಮಲಗಿ, ಳಕಾರದ ಬಾಲ ಎಳೆಯುವಾಗ ಅವಳ ಮಣಿಕಟ್ಟು ಹೇಗೆ ತಿರುಗುತ್ತದೆ ಎಂದು ಊಹಿಸುತ್ತಿದ್ದ. ಅದಕ್ಕಿಂತ ಹೆಚ್ಚನ್ನು ಊಹಿಸಲು ಧೈರ್ಯ ಬರುತ್ತಿರಲಿಲ್ಲ. ಆಸೆ ಮಾತ್ರ ಧೈರ್ಯಕ್ಕಾಗಿ ಕಾಯಲಿಲ್ಲ, ಬೆಳೆಯಿತು.

ಆಮೇಲೆ ಮೂರನೆಯ ಮುದ್ರಣ. ಅರವತ್ತನಾಲ್ಕನೆಯ ಪುಟದ ಅಂಚಿನಲ್ಲಿ ಆ ಸಾಲು. ಪುಸ್ತಕದೊಳಗೆ ಏನನ್ನಾದರೂ ಸೇರಿಸಬೇಕಾದರೆ ಅವಳು ಸೇರಬೇಕಾದ ಜಾಗದಲ್ಲಿ ಪುಟ್ಟ ಕೊಕ್ಕೆ ಹಾಕಿ, ಅಲ್ಲಿಂದ ಅಂಚಿಗೊಂದು ಗೆರೆ ಎಳೆಯುತ್ತಿದ್ದಳು. ಆ ಪದ್ಧತಿ ಅವನೇ ಕಲಿಸಿದ್ದು. ಈ ಸಾಲಿಗೆ ಕೊಕ್ಕೆಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಅದು ಪುಸ್ತಕಕ್ಕೆ ಬರೆದದ್ದಲ್ಲ, ಅವನಿಗೆ ಬರೆದದ್ದು. ಓದಿದ ಕ್ಷಣದಲ್ಲೇ ಅವನಿಗೆ ಗೊತ್ತಾಯಿತು. ಎದ್ದು ಹೋಗಿ ನಲ್ಲಿಯಲ್ಲಿ ನೀರು ಕುಡಿದು ಬಂದ. ಬಂದು ಕೂತು ಇನ್ನೊಮ್ಮೆ ಓದಿದಾಗ ‘ಮಾತಾಡಲು’ ಎಂಬ ಪದ ಕಾಲಿಗೆ ಸಿಕ್ಕಿತು. ಮಾತಾಡಲು. ಬೇಕಾದಷ್ಟು ಹೊತ್ತು. ಎದುರುಬದುರು ಕೂತು, ಕ ಎಂದು ಬಾಯಿ ತೆರೆದು ನಿಂತ ಅವನನ್ನು ಅವಳು ನೋಡುವಳು. ನೋಡಿ, ಎಲ್ಲರ ಹಾಗೆ, ಕರುಣೆಯಿಂದ ಪೂರೈಸುವಳು. ಅಂಚಿನಲ್ಲಿ ಇಷ್ಟು ಚುರುಕಾಗಿದ್ದ ಮನುಷ್ಯ ಇವನೇನಾ ಎಂದುಕೊಳ್ಳುವಳು. ಮಧ್ಯಾಹ್ನದವರೆಗೆ ಕೂತಿದ್ದು, ಅವನು ಕೆಂಪು ಶಾಯಿಯಿಂದ ತಾನೇ ಒಂದು ಕೊಕ್ಕೆ ಹಾಕಿದ, ತಾನೇ ಗೆರೆ ಎಳೆದ, ಕಂಪೋಸಿಂಗಿಗೆ ಕಳಿಸಿದ. ಅವಳು ಒಬ್ಬನಿಗೆ ಹೇಳಿದ್ದು ಮೂರು ಸಾವಿರ ಪ್ರತಿಯಲ್ಲಿ ಅಚ್ಚಾಯಿತು. ಹೊರಗಿನವರ ಕಣ್ಣಿಗೆ ಅದು ಪ್ರೂಫ್ ನೋಡುವವನೊಬ್ಬ ಮಾಡಬಹುದಾದ ಪೆದ್ದು ತಪ್ಪು. ಅವನ ಮಟ್ಟಿಗೆ, ಓಡಿಹೋಗುವುದಕ್ಕೆ ಸಿಕ್ಕ ಬಾಗಿಲು. ನಾಲ್ಕನೆಯ ಮುದ್ರಣದಲ್ಲಿ ಅವಳು ಆ ಸಾಲಿನ ಕೆಳಗೆ ಚುಕ್ಕಿಗಳನ್ನಿಟ್ಟು ‘ಇರಲಿ’ ಎಂದು ಬರೆದಿದ್ದಳು. ಐದನೆಯದರಲ್ಲಿ, ‘ಇನ್ನು ಸಾಕು, ತೆಗೆಯಿರಿ’ ಎಂದು. ಲೇಖಕರ ಮಾತನ್ನು ಮೀರಬಾರದೆಂಬುದು ಆ ಕೆಲಸದ ಮೊದಲ ಪಾಠ. ಅವನು ಮೀರಿದ. ಅವಳು ಹೊಡೆದುಹಾಕಿದ್ದನ್ನು ಕದ್ದು ಉಳಿಸಿದ. ಆಮೇಲೆ ಜನರ ಕೈಗೆಲ್ಲ ಫೋನು ಬಂತು, ಕೈಪಿಡಿ ಯಾರಿಗೂ ಬೇಡವಾಯಿತು, ಹಸಿರು ಶಾಯಿ ನಿಂತಿತು.

ಬರುವ ತಿಂಗಳು ಅವನ ನಿವೃತ್ತಿ. ಮೊನ್ನೆ ಚೀಲ ತುಂಬಿಕೊಳ್ಳುವಾಗ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, “ಈ ಚಳೀಲಿ ಕೋಟೆ ನೋಡೋಕೆ ಹೋಗ್ತಾರಾ ಭಾವ? ಆರು ನೂರು ವರ್ಷ ನಿಂತಿದ್ದು ಇನ್ನೆರಡು ತಿಂಗಳು ನಿಲ್ಲಲ್ವಾ? ಮಫ್ಲರ್ ಆದ್ರೂ ತಗೊಳ್ಳಿ” ಎಂದಿದ್ದಳು. ಪ್ರೆಸ್ಸಿನ ಕೆಲಸ ಎಂದು ಅವನು ಸುಳ್ಳು ಹೇಳಿದ. ಮಾಡಬೇಕಾದ ಕೆಲಸವೇನೋ ಒಂದಿತ್ತು. ಅವಳ ಮುಂದೆ ನಿಂತು ಎರಡು ಪದ ಹೇಳಬೇಕು: ನನಗೆ ಗೊತ್ತಿತ್ತು. ಅಷ್ಟೇ. ಕ್ಷಮೆ ಕೇಳುವುದು ಆಮೇಲಿನ ಮಾತು. ಹನ್ನೆರಡು ವರ್ಷ ಅವಳು ತನ್ನ ಮಾತು ಒಬ್ಬ ಪೆದ್ದನ ಕೈಗೆ ಸಿಕ್ಕಿತೆಂದು ತಿಳಿದಿರಬಹುದು. ಅಲ್ಲ, ಅದು ತಲುಪಬೇಕಾದಲ್ಲಿಗೆ ತಲುಪಿತ್ತು, ತಲುಪಿದವನು ಹೇಡಿ, ಇಷ್ಟನ್ನು ಅವಳಿಗೆ ತಿಳಿಸದೆ ಸಾಯಲು ಅವನಿಗೆ ಮನಸ್ಸಿರಲಿಲ್ಲ.

ಬೀದಿಗಿಳಿದಾಗ ಹತ್ತು ಗಂಟೆ. ಅವನು ಪ್ರತಿಯೊಂದು ಅಲ್ಪವಿರಾಮವನ್ನೂ ಬಲ್ಲ ಊರು ಅದು, ಆದರೆ ಅದು ಇಷ್ಟು ಏರುದಾರಿಯ ಊರೆಂದು ಕೈಪಿಡಿಯ ಯಾವ ಪುಟವೂ ಹೇಳಿರಲಿಲ್ಲ. ‘ಹಳೆಯ ಪೇಟೆಯ ಮೂಲಕ ಕೋಟೆಯ ಬಾಗಿಲನ್ನು ತಲುಪಬಹುದು’ ಎಂದು ಎಷ್ಟು ಸಲ ಓದಿದ್ದ! ಈ ‘ತಲುಪಬಹುದು’ ಎಂಬುದರೊಳಗೆ ಇಷ್ಟೊಂದು ಏದುಸಿರು ಇದ್ದೀತೆಂದು ಯಾರಿಗೆ ಗೊತ್ತು? ಅಂಗಡಿಗಳ ತಗಡಿನ ಬಾಗಿಲು ಇಳಿದಿದ್ದವು. ಚಿತ್ರದ ಕಾರ್ಡು ಮಾರುವವನೊಬ್ಬ ಮಾತ್ರ ಅರ್ಧ ತೆರೆದು, ಒಳಗೆ ರೇಡಿಯೋ ಹಾಕಿಕೊಂಡು, ಬೇಸಿಗೆಯ ಕೋಟೆಯ ಚಿತ್ರಗಳ ಧೂಳು ಒರೆಸುತ್ತಿದ್ದ. ಕೋಟೆಯ ಕಂದಕದ ಪಕ್ಕ ದೋಣಿಗಳನ್ನು ಮಗುಚಿ ಹಾಕಿದ್ದರು. ಸ್ನಾನಗೃಹದ ಗುಮ್ಮಟ ಪುಸ್ತಕದಲ್ಲಿ ‘ಭವ್ಯ’ವಾಗಿತ್ತು, ಎದುರಿಗೆ ಅದು ಪಾಚಿ ಹಿಡಿದು ಮುದುರಿ ಕೂತಿತ್ತು, ಅದಕ್ಕೇ ಅವನಿಗೆ ಇಷ್ಟವಾಯಿತು. ‘ಭವ್ಯ’ಕ್ಕೆ ಮಹಾಪ್ರಾಣ ಕೊಟ್ಟವನು ತಾನೇ ಎಂಬುದು ನೆನಪಾಗಿ ನಗು ಬಂತು. ಅವಳು ಪ್ರತಿದಿನ ಈ ಕಲ್ಲಿನ ಮೇಲೆ ನಡೆದಿದ್ದಾಳೆ. ಈ ಮೂಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಾಳೆ. ಆಗಲೇ ಬಂದಿದ್ದರೆ ಈ ಗೋಡೆಯ ಬಿಸಿಲಿನಲ್ಲಿ ಇಬ್ಬರೂ ನಿಲ್ಲಬಹುದಿತ್ತು ಎಂದುಕೊಂಡು ಅವನು ಗೋಡೆಗೆ ಕೈ ಕೊಟ್ಟು ನಿಂತ. ಗೋಡೆ ಮಂಜುಗಡ್ಡೆಯಷ್ಟು ತಣ್ಣಗಿತ್ತು.

ಗೋಪುರದ ಕಾವಲುಗಾರ ಬೆಂಚಿನ ಮೇಲೆ ಕಾಲು ಮಡಿಸಿ ಕೂತು ಚಹಾ ಕುಡಿಯುತ್ತಿದ್ದ. “ಹತ್ತಿ, ಆದ್ರೆ ಮೇಲೆ ಏನೂ ಕಾಣ್ಸಲ್ಲ. ಆಮೇಲೆ ನನ್ನ ಬೈಬೇಡಿ” ಎಂದ. ಅವನು ಹತ್ತಿದ. ಎಣಿಸುತ್ತಲೇ ಹೊರಟವನು ಎಪ್ಪತ್ತರ ಸುಮಾರಿಗೆ ಎಣಿಕೆ ಬಿಟ್ಟು ಅಭ್ಯಾಸಕ್ಕೆ ಶುರುಮಾಡಿದ. ಒಂದು ಮೆಟ್ಟಿಲಿಗೆ ‘ನನಗೆ’, ಮುಂದಿನ ಮೆಟ್ಟಿಲಿಗೆ ‘ಗೊತ್ತಿತ್ತು’. ನನಗೆ, ಸಲೀಸು. ಗೊ… ಗೊ… ನಾಲಗೆಯ ಬುಡ ಅಂಗುಳಕ್ಕೆ ಅಂಟಿಕೊಂಡು ಬಿಡಲೊಲ್ಲದು. ‘ಅರ್ಥವಾಗಿತ್ತು’ ಎಂದುಬಿಡಬಹುದು, ಅಕಾರ ಅವನನ್ನು ಎಂದೂ ಕೈಬಿಟ್ಟದ್ದಿಲ್ಲ. ಜೀವಮಾನವಿಡೀ ಅವನು ಮಾಡಿದ್ದೇ ಅದು: ಕಾಫಿ ಬೇಕೆನಿಸಿದಾಗ ಚಹಾ ಕೇಳುವುದು, ಕೆಳಗಿಳಿಯುವ ನಿಲ್ದಾಣದ ಹೆಸರು ಪಕಾರದ್ದಾದರೆ ಅದರ ಹಿಂದಿನದಕ್ಕೆ ಟಿಕೆಟು ಕೇಳಿ ನಡೆಯುವುದು. ಆದರೆ ಅರ್ಥವಾಗಿತ್ತು ಎನ್ನುವುದು ಪಾಠ ಕೇಳಿದ ಹುಡುಗನ ಮಾತು. ಅರ್ಥವಾದದ್ದರಲ್ಲಿ ತಪ್ಪೇನಿದೆ? ಗೊತ್ತಿತ್ತು ಎನ್ನುವುದು ತಪ್ಪಿತಸ್ಥನ ಮಾತು. ಅದನ್ನೇ ಹೇಳಬೇಕು. ಇವತ್ತೂ ಪಕ್ಕದ ಓಣಿಯಿಂದ ನುಸುಳಿಕೊಂಡು ಹೋದರೆ ಬಂದದ್ದು ದಂಡ. ಮೇಲೆ ನಿಂತಾಗ ಕಾವಲುಗಾರ ಹೇಳಿದ ಹಾಗೆ ಏನೂ ಕಾಣಿಸಲಿಲ್ಲ. ಕೆಳಗೆಲ್ಲೋ ಬೆಳ್ಳನೆಯ ಮಂಜಿನಲ್ಲಿ ಅವಳ ಮನೆಯಿತ್ತು, ಗೋಪುರದ ಹಿಂದಿನ ಓಣಿ, ಬಾವಿಯ ಪಕ್ಕದ ಮೂರನೆಯ ಬಾಗಿಲು. ವಿಳಾಸ ಕೈಪಿಡಿಯ ಕೊನೆಯ ಪುಟದಲ್ಲೇ ಅಚ್ಚಾಗಿದೆ, ಅದನ್ನೂ ತಿದ್ದಿದವನು ಅವನೇ.

ಬಾಗಿಲು ತೆರೆದವನು ಎತ್ತರದ ಗಂಡಸು. ಅರವತ್ತರ ಮೇಲಿನ ವಯಸ್ಸು, ಕೈಯಲ್ಲಿ ಹಿಟ್ಟು, ಹೆಗಲ ಮೇಲೊಂದು ಟವೆಲು. ಇಂಥದ್ದೊಂದು ಸಾಧ್ಯತೆಯನ್ನು ಅವನು ಯಾಕೆ ಯೋಚಿಸಿರಲಿಲ್ಲವೋ. ಹನ್ನೆರಡು ವರ್ಷದಲ್ಲಿ ಅವಳ ಮನೆಯ ಬಾಗಿಲನ್ನು ಅವನು ಮನಸ್ಸಿನಲ್ಲೇ ನೂರು ಸಲ ತಟ್ಟಿದ್ದ, ನೂರು ಸಲವೂ ತೆರೆದವಳು ಅವಳೇ. “ಬನ್ನಿ ಬನ್ನಿ, ಒಳಗೆ ಬನ್ನಿ, ಚಳಿ ಒಳಗೆ ಬರುತ್ತೆ” ಎಂದು ಆ ಮನುಷ್ಯ ಅವನ ತೋಳು ಹಿಡಿದು ಎಳೆದೇಬಿಟ್ಟ. “ಪುಸ್ತಕ ಓದಿ ಬಂದ್ರಿ ತಾನೆ? ಲೇ, ಬಂದ್ರು ನೋಡು, ಈ ವರ್ಷದ ಮೊದಲನೆಯವರು!” ಒಳಗಿನ ಕೋಣೆಯಿಂದ ಅವಳು ಬಂದಳು. ಗಿಡ್ಡಗೆ, ದುಂಡಗೆ ಇದ್ದಳು. ಕಿವಿಯ ಮೇಲೆ ಎಳೆದ ಉಣ್ಣೆಯ ಟೊಪ್ಪಿ, ಮೂಗಿನ ತುದಿಯಲ್ಲಿ ಕನ್ನಡಕ, ಶಾಲೆಯ ಕೊನೆಯ ಬೆಂಚಿಗೂ ಮುಟ್ಟುವಂಥ ಗಟ್ಟಿ ದನಿ. ಅಕ್ಷರದಿಂದ ಅವನು ಕಟ್ಟಿಕೊಂಡಿದ್ದ ಉದ್ದ ಬೆರಳಿನ ತೆಳ್ಳನೆಯ ಹೆಂಗಸು ಎಲ್ಲೂ ಇರಲಿಲ್ಲ. ಆ ಹೆಂಗಸು ಹೋದದ್ದಕ್ಕೆ ದುಃಖವಾಗಬೇಕಿತ್ತು, ಆಗಲಿಲ್ಲ. ಇವಳ ಮೇಲೇ ಆಸೆಯಾಯಿತು, ಈ ಟೊಪ್ಪಿಯ ಮೇಲೆ, ಈ ದನಿಯ ಮೇಲೆ. ಇಷ್ಟು ವಯಸ್ಸಾಗಿ, ಅವಳ ಗಂಡನ ಎದುರಿಗೆ ನಿಂತು ಹೀಗಾಗುತ್ತಿದೆಯಲ್ಲ ಎಂದು ನಾಚಿಕೆಯಾಗಿ ಅವನು ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿದ.

“ಏನು ಕೆಲಸ ತಮ್ಮದು?” ಎಂದು ಗಂಡ ಕುರ್ಚಿ ಎಳೆಯುತ್ತ ಕೇಳಿದ. “ಪ್ರೂ…” ಎಂದು ಅವನು ಆರಂಭಿಸಿದ, “ಪ್ರೂ… ಪ್ರೂ…” “ಪ್ರೊಫೆಸರಾ! ಮುಖ ನೋಡಿದ್ರೇ ಗೊತ್ತಾಗುತ್ತೆ. ಲೇ, ಪ್ರೊಫೆಸರಂತೆ, ಸ್ವಲ್ಪ ನೋಡಿ ಮಾತಾಡು, ನಿನ್ನ ತಾರೀಖುಗಳನ್ನೆಲ್ಲ ಹಿಡಿದುಬಿಟ್ಟಾರು.” ಅವಳು ನಕ್ಕಳು. ಅಲ್ಲ ಎನ್ನಲು ಅವನಿಗೆ ಅಕಾರವಿತ್ತು, ಆದರೂ ಹೇಳಲಿಲ್ಲ. ಹೇಳಿದರೆ ಮತ್ತೆ ಪ್ರೂ ಎಂಬಲ್ಲಿಗೇ ಬರಬೇಕಲ್ಲ. ಹೀಗಾಗಿ ಅರ್ಧ ಗಂಟೆ ಅವನು ಪ್ರೊಫೆಸರನಾಗಿ, ಬಿಸಿ ಬಿಸಿ ರೊಟ್ಟಿ ತಿನ್ನುತ್ತ, ತನ್ನ ವಿದ್ಯಾರ್ಥಿಗಳ ಅಶಿಸ್ತಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ತಲೆಯಾಡಿಸುತ್ತ ಕೂತ. ಕೋಣೆಯ ತುಂಬ ಒಂದರ ಹಾಗೆ ಇನ್ನೊಂದಿಲ್ಲದ ಕುರ್ಚಿಗಳಿದ್ದವು. ಚಳಿಗಾಲಕ್ಕೆ ಬರುವವರಿಗೆಂದು ಒಂದೊಂದಾಗಿ ಸೇರಿಸಿದ್ದಂತೆ. ಒಬ್ಬ ಗಡಿಯಾರ ರಿಪೇರಿಯವನು ಎರಡು ಸಲ ಬಂದಿದ್ದನಂತೆ; ಹೆಂಡತಿ ತೀರಿಕೊಂಡ ಡಾಕ್ಟರೊಬ್ಬ ಮೂರು ದಿನ ಒಂದೇ ಸಮನೆ ಮಾತಾಡಿ, ನಾಲ್ಕನೆಯ ದಿನ ಕೋಟೆಯನ್ನು ನೋಡದೆಯೇ ಊರಿಗೆ ಹೋದನಂತೆ. “ನಾನೂ ಹಾಗೇ ಬಂದೋನು” ಎಂದ ಗಂಡ, ರೊಟ್ಟಿಯ ತಟ್ಟೆಯನ್ನು ಮುಂದೆ ತಳ್ಳಿ. “ಒಂಬತ್ತು ವರ್ಷದ ಹಿಂದೆ. ಬಸ್ ಸ್ಟ್ಯಾಂಡಲ್ಲಿ ಯಾರೋ ಬಿಟ್ಟುಹೋಗಿದ್ದ ಪುಸ್ತಕ. ತೆರೆದರೆ ಈ ಸಾಲು. ಯಾರೋ ನನ್ನನ್ನೇ ಕರೆದ ಹಾಗಾಯ್ತು ಪ್ರೊಫೆಸರ್ರೇ, ದೇವರಾಣೆ. ನಾನು ಆಗ ಬಹಳ ಕೆಟ್ಟ ಸ್ಥಿತೀಲಿದ್ದೆ. ಬಂದೆ, ಮಾತಾಡಿದೆ, ಇಲ್ಲೇ ಉಳಿದೆ.” “ಮಾತಾಡಿದ್ರು ಅಂತೆ!” ಎಂದಳು ಅವಳು. “ಬಾಯಿ ಮುಚ್ಚಿದ್ರೆ ತಾನೆ ನಾನು ಬೇಡ ಅನ್ನೋಕೆ ಜಾಗ ಸಿಕ್ಕೋದು? ಆಮೇಲಿನ ಮುದ್ರಣದಲ್ಲಿ ತೆಗೀರಿ ಅಂತ ಬರೆದೆ. ಬಂದೋರು ಬಂದಾಯ್ತಲ್ಲ, ಇನ್ನು ಯಾಕೆ ಅಂತ. ಪ್ರೆಸ್ಸಿನೋರು ತೆಗೀಲೇ ಇಲ್ಲ ನೋಡಿ.”

ರೊಟ್ಟಿಯ ತುಂಡು ಗಂಟಲಲ್ಲಿ ನಿಂತಿತು. ‘ಇನ್ನು ಸಾಕು, ತೆಗೆಯಿರಿ.’ ಆ ಮೂರು ಪದಗಳನ್ನು ಎಂಟು ವರ್ಷ ಅವನು ಅವಳ ನೋವೆಂದು ಓದಿದ್ದ. ಒಬ್ಬನೇ ಇರುವಾಗ ತೆಗೆದು ನೋಡಿ, ಇಷ್ಟು ನೋಯಿಸಿದೆನಲ್ಲ ಎಂದು ಮರುಗಿದ್ದ, ಮರುಗುವುದರಲ್ಲೇ ಒಂದು ಸುಖ ಕಂಡಿದ್ದ. ಅದು ಸುಖವಾಗಿದ್ದ ಹೆಂಗಸೊಬ್ಬಳು ಬರೆದ ಸಾಲು. ಹೆಸರುವಾಸಿಯಾದ ತನ್ನ ಕಣ್ಣು ಇಷ್ಟು ದೊಡ್ಡದನ್ನು ತಪ್ಪು ಓದಿತ್ತು. ಕೆಮ್ಮು ಬಂದು, ಗಂಡ ಗಾಬರಿಯಾಗಿ ಬೆನ್ನು ತಟ್ಟಿ, “ತಾಳಿ, ಬಿಸಿನೀರು ತರ್ತೀನಿ, ಒಲೆ ಮೇಲೇ ಇದೆ” ಎಂದು ಹಿತ್ತಲ ಕಡೆಯ ಅಡುಗೆಮನೆಗೆ ಹೋದ.

ಇಬ್ಬರೇ ಉಳಿದರು. ಕಿಟಕಿಯ ಹೊರಗೆ ಬಾವಿಯ ರಾಟೆ ಕಾಣುತ್ತಿತ್ತು, ಅದರ ಹಗ್ಗ ಮಂಜಿಗೆ ಬೆಳ್ಳಗಾಗಿತ್ತು. ಎದ್ದು ಹೋಗಿಬಿಡಬಹುದು, ಪ್ರೊಫೆಸರನಾಗಿಯೇ, ಯಾರಿಗೂ ಏನೂ ಆಗದ ಹಾಗೆ. ಆದರೆ ಅವಳು ಅವನ ತಟ್ಟೆಯ ಪಕ್ಕ ಚೆಲ್ಲಿದ ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದಳು, ಮಣಿಕಟ್ಟನ್ನು ಒಳಗೆ ತಿರುಗಿಸಿ, ಅವನು ಮಹಡಿಯ ಕೋಣೆಯಲ್ಲಿ ಊಹಿಸಿದ ಹಾಗೆಯೇ. ತಡೆಯಲಾಗಲಿಲ್ಲ. “ಪ್ರೊ… ಪ್ರೊಫೆಸರ್ ಅಲ್ಲ ನಾನು” ಎಂದ. ಅವಳು ತಲೆಯೆತ್ತಿದಳು. “ಪ್ರೂ… ಪ್ರೂಫು. ಪ್ರೂಫ್ ನೋಡ್ತೀನಿ. ನಿಮ್ಮ ಪು… ಪು…” ಅವಳು ಪೂರೈಸಲಿಲ್ಲ. ಪುಸ್ತಕ ಎಂಬುದನ್ನು ಅವನೇ ಹೇಳಿ ಮುಗಿಸುವವರೆಗೂ ಅಂಗೈಯ ಚೂರುಗಳನ್ನು ಹಾಗೇ ಹಿಡಿದುಕೊಂಡು ಕಾದಳು. ಇಷ್ಟು ತಾಳ್ಮೆಯಿಂದ ಯಾರೂ ಅವನಿಗೆ ಕಾದಿರಲಿಲ್ಲ. ಇವಳಿಗೆ ಹೆದರಿ ಓಡಿದೆನಲ್ಲ ಎಂದುಕೊಂಡಾಗ ಕಣ್ಣು ಮಂಜಾಯಿತು.

“ಕೆಂಪು ಶಾಯಿಯವರು” ಎಂದಳು ಅವಳು, ಬಹಳ ಸಣ್ಣ ದನಿಯಲ್ಲಿ. ಆ ಮನೆಯಲ್ಲಿ ಅವಳ ದನಿ ಇಷ್ಟು ಸಣ್ಣಗಾಗಬಲ್ಲದೆಂದು ಅವನಿಗೆ ಅನಿಸಿರಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಪಾತ್ರೆಯ ಸದ್ದು, ಗಂಡನ ಗುನುಗು. “ಇಷ್ಟು ವರ್ಷದ ಮೇಲೆ ಕೇಳಬಾರದೇನೋ, ಕೇಳ್ತೀನಿ. ಆ ಸಾಲು ನಾನು ಪುಸ್ತಕಕ್ಕೆ ಬರೆದಿದ್ದಲ್ಲ. ನಿಮಗೆ ಬರೆದಿದ್ದು. ಅಚ್ಚಾಗಿ ಬಂದಾಗ ನೆಲ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನಿಸ್ತು. ಆದರೂ ಮೂರು ಚಳಿಗಾಲ ಈ ಕಿಟಕಿ ಹತ್ರ ಕೂತು ಕಾದೆ. ಓದಿದೋರು ಯಾರ್ಯಾರೋ ಬಂದ್ರು, ಬಾಗಿಲು ತಟ್ಟಿದಾಗೆಲ್ಲ ನೀವೇ ಅಂದ್ಕೊಂಡು ಏಳ್ತಿದ್ದೆ. ಹುಚ್ಚು.” ಟೊಪ್ಪಿಯನ್ನು ಕಿವಿಯ ಮೇಲೆ ಇನ್ನಷ್ಟು ಎಳೆದುಕೊಂಡಳು. “ಒಂದೇ ಒಂದು ತಿಳ್ಕೋಬೇಕಿತ್ತು. ನಿಮಗೆ ಅದು ನಿಮಗೇ ಬರೆದಿದ್ದು ಅಂತ…” ಅಲ್ಲಿಗೆ ನಿಲ್ಲಿಸಿ ಅವನ ಮುಖವನ್ನೇ ನೋಡಿದಳು.

ಇದಕ್ಕಾಗಿಯೇ ಅವನು ಬಂದದ್ದು. ಬೆನ್ನು ನೆಟ್ಟಗೆ ಮಾಡಿ ಕೂತ. “ನನಗೆ” ಎಂದ. ಅದು ಬಂತು. “ನನಗೆ ಗೊ… ಗೊತ್… ಗೊತ್ತ…” ಎರಡು ಕೈಯಿಂದಲೂ ಮೇಜಿನ ಅಂಚನ್ನು ಹಿಡಿದ. ಕುತ್ತಿಗೆಯ ನರ ಉಬ್ಬಿತು. ಇನ್ನೊಂದೇ ತಳ್ಳು, ಇನ್ನೊಂದೇ. ಅವಳು ಕಾದಳು. ಕಾಯುತ್ತಿದ್ದ ಹಾಗೆ ಅವಳ ಕಣ್ಣಿನಲ್ಲಿ ಭಯವೊಂದು ಏರುತ್ತಿರುವುದನ್ನು ಅವನು ಕಂಡ. ಪರೀಕ್ಷೆಯ ಫಲಿತಾಂಶ ಓದುವಾಗ ಮಕ್ಕಳ ಮುಖದಲ್ಲಿ ಇರುತ್ತದಲ್ಲ, ಅಂಥದ್ದು. ಅಷ್ಟರವರೆಗೆ ಒಂದು ಮಾತನ್ನೂ ಪೂರೈಸದಿದ್ದವಳು ಆಗ ತಾಳಲಾರದೆ ಪೂರೈಸಿದಳು. “ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅಲ್ವಾ ನಿಮಗೆ?”

ಅವನ ಬಾಯಿ ತೆರೆದೇ ಇತ್ತು. ಗೊತ್ತ ಎಂಬಲ್ಲಿಂದ ದಾರಿ ಎರಡಾಗುತ್ತಿತ್ತು, ಅವಳು ಒಂದರಲ್ಲಿ ಹೊರಟುಬಿಟ್ಟಿದ್ದಳು. ಮೂವತ್ತೊಂದು ವರ್ಷ ಅವನ ಅನ್ನ ಬಂದದ್ದು ಇನ್ನೊಬ್ಬರ ತಪ್ಪನ್ನು ಹಿಡಿದು ಅಲ್ಲ ಎನ್ನುವುದರಿಂದ. ಅಲ್ಲ ಎನ್ನಲು ಅವನ ನಾಲಗೆಗೆ ಯಾವ ತಡೆಯೂ ಇಲ್ಲ. ಹಾಗೆ ಅಂದುಬಿಟ್ಟಿದ್ದರೆ ಅವನು ಹಗುರಾಗುತ್ತಿದ್ದ. ಅವಳು ಕಿಟಕಿಯ ಪಕ್ಕ ಕೂತ ಆ ಮೂರು ಚಳಿಗಾಲಗಳಿಗೆ ಮತ್ತೆ ಹೋಗಿ ಕೂರಬೇಕಾಗುತ್ತಿತ್ತು, ಈ ಬಾರಿ ಬೇಡವೆಂದು ತಳ್ಳಿದವನಿಗಾಗಿ ಕಾದವಳಾಗಿ. ಅವನು ತಲೆಯಾಡಿಸಿದ. ಹೌದೆನ್ನುವ ಹಾಗೆ. “ಇಲ್ಲ” ಎಂದ, “ಆಗ್ಲಿಲ್ಲ.”

ಅವಳು ಉಸಿರು ಬಿಟ್ಟಳು. ಆಮೇಲೆ ನಕ್ಕಳು, ಕಣ್ಣಿನಲ್ಲಿ ನೀರು ಬರುವ ಹಾಗೆ. “ನಾನೂ ಹಾಗೇ ಅಂದ್ಕೊಂಡಿದ್ದೆ. ದೇವ್ರೇ, ಎಷ್ಟು ಸಲ ಹಾಗಂತ ನನಗೆ ನಾನೇ ಹೇಳ್ಕೊಂಡಿದೀನಿ! ಕೊಕ್ಕೆ ಹಾಕಿರ್ಲಿಲ್ಲ ನಾನು, ಅಷ್ಟೂ ಹೊಳೀಲಿಲ್ವಾ ಮಾರಾಯ್ರೆ ನಿಮಗೆ? ಎಂಥಾ ಪೆದ್ದರು ನೀವು!” ಎಂದು ಅಂಗೈಯ ಚೂರುಗಳನ್ನು ತಟ್ಟೆಗೆ ಸುರಿದು, ಮತ್ತೆ ಆ ಗಟ್ಟಿ ದನಿಯಲ್ಲಿ ಕೂಗಿದಳು, “ಏನ್ರೀ, ಬನ್ನಿ ಇಲ್ಲಿ! ಇವರು ಪ್ರೊಫೆಸರೂ ಅಲ್ಲ ಏನೂ ಅಲ್ಲ. ನಮ್ಮ ಪುಸ್ತಕದ ಪ್ರೂಫ್ ನೋಡಿದೋರು. ತಪ್ಪಾಗಿ ಆ ಸಾಲನ್ನ ಪುಸ್ತಕಕ್ಕೆ ಹಾಕಿದ್ದು ಇವರೇನೇ!”

ಗಂಡ ಬಿಸಿನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತ. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕುರ್ಚಿಯೊಂದರ ಮೇಲಿಟ್ಟ. “ಇವರಾ?” ಎಂದ. ಬಂದು ಅವನ ಎರಡೂ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಏನೋ ಹೇಳಬೇಕೆಂದು ಬಾಯಿ ತೆರೆದ, ಆಗಲಿಲ್ಲ. ಬಾಯಿ ಮುಚ್ಚಿದರೆ ತಾನೆ ಎಂದು ಹೆಂಡತಿ ಹಂಗಿಸುವ ಆ ಮನುಷ್ಯನಿಗೆ ಮಾತು ಹೊರಡಲಿಲ್ಲ. ಕೊನೆಗೆ, “ಎಂಥ ತಪ್ಪು ಮಾಡಿದ್ರಿ ಸ್ವಾಮಿ ನೀವು” ಎಂದ. “ನಿಮ್ಮ ಹೊಟ್ಟೆ ತಣ್ಣಗಿರಲಿ.” ಹಿಟ್ಟು ಒಣಗಿದ ಆ ಅಂಗೈಗಳು ಬೆಚ್ಚಗಿದ್ದವು, ಬಿಡುವ ಹಾಗೆ ಕಾಣಲಿಲ್ಲ. ತನ್ನ ಕೈಗಳನ್ನು ಯಾವಾಗ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ತಿಳಿಯದೆ ಅವನು ಕೂತಿದ್ದ.